ತೂತಿನ ಹೊದಿಕೆಯ ಬೆಚ್ಚಗಿನ ಗುಟ್ಟು

ಎಳ್ಳಮಾವಾಸ್ಯೆ ಹತ್ತಿರ ಬಂತೆಂದರೆ ಕಲಬುರಗಿಯ ಮನೆಗಳಲ್ಲಿ ಟ್ರಂಕಿನ ತಳದಿಂದ ಹೊದಿಕೆಗಳು ಹೊರಬರುತ್ತವೆ. ಹಳೆ ಸೀರೆಗಳನ್ನು ಪದರ ಪದರವಾಗಿ ಹೊಲಿದ ಕೌದಿ, ಕುರುಬರು ನೇಯ್ದ ಕರಿ ಕಂಬಳಿ, ಇವೆರಡರ ಜೊತೆಗೆ ಕೆಲವು ಮನೆಗಳಲ್ಲಿ ಎರಡು ಕಡ್ಡಿ ಹಿಡಿದು ಹೆಣೆದ ಉಣ್ಣೆಯ ಲೇಸ್ ಹೊದಿಕೆ. ಈ ಮೂರನೆಯದನ್ನು ಬೆಳಕಿಗೆ ಹಿಡಿದರೆ ಆಚೆಯವರ ಮುಖ ಕಾಣುತ್ತದೆ. ಕಮಲಾಪುರದ ಕಡೆಯಿಂದ ಬರುವ ಹುಡುಗನೊಬ್ಬ ತರಗತಿಯಲ್ಲಿ ಕೇಳಿದ ಪ್ರಶ್ನೆ ಸರಿಯಾಗಿಯೇ ಇತ್ತು: "ಸರ, ಇಷ್ಟೆಲ್ಲಾ ತೂತ ಇದ್ದದ್ದು ಹ್ಯಾಂಗ ಬೆಚ್ಚಗ ಇಡ್ತದ್ರಿ?"

ಬೆಚ್ಚಗಿಡುವುದು ಉಣ್ಣೆಯಲ್ಲ, ಗಾಳಿ. ಅಲುಗಾಡದೆ ನಿಂತ ಗಾಳಿಯ ಮೂಲಕ ಶಾಖ ಬಹಳ ನಿಧಾನವಾಗಿ ಸಾಗುತ್ತದೆ. ಉಣ್ಣೆಯ ಎಳೆ ನೇರವಾಗಿರುವುದಿಲ್ಲ, ಸಣ್ಣ ಸ್ಪ್ರಿಂಗಿನಂತೆ ಸುರುಳಿಯಾಗಿರುತ್ತದೆ. ಹೀಗಾಗಿ ಎಳೆಗಳು ಒಂದಕ್ಕೊಂದು ಒತ್ತಿಕೊಳ್ಳದೆ ನಡುವೆ ಗಾಳಿ ಸಿಕ್ಕಿಕೊಳ್ಳುತ್ತದೆ. ಕೌದಿಯಲ್ಲಿ ಬಟ್ಟೆಯ ಪದರಗಳ ನಡುವೆ ನಡೆಯುವುದೂ ಇದೇ ಕೆಲಸ.

ಹಾಗಾದರೆ ಲೇಸಿನ ದೊಡ್ಡ ತೂತುಗಳು? ಅಲ್ಲಿನ ಗಾಳಿ ನಿಲ್ಲುವುದಿಲ್ಲ, ಬೀಸುವ ಗಾಳಿಗೆ ಹೊರಟುಹೋಗುತ್ತದೆ. ಆದರೆ ಲೇಸ್ ಹೊದಿಕೆಯ ಮೇಲೊಂದು ತೆಳು ಹತ್ತಿ ಚಾದರ ಎಳೆದುಕೊಳ್ಳಿ. ಪ್ರತಿ ತೂತೂ ಮುಚ್ಚಳ ಹಾಕಿದ ಡಬ್ಬಿಯಾಗುತ್ತದೆ. ಮಕ್ಕಳು ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಎರಡು ಸ್ಟೀಲ್ ಲೋಟಗಳಲ್ಲಿ ಒಂದೇ ಪ್ರಮಾಣದ ಬಿಸಿನೀರು ಹಾಕಿ ತಟ್ಟೆ ಮುಚ್ಚಿ. ಒಂದಕ್ಕೆ ಬರೀ ಲೇಸ್ ಸುತ್ತಿ, ಇನ್ನೊಂದಕ್ಕೆ ಲೇಸಿನ ಮೇಲೆ ತೆಳು ಬಟ್ಟೆಯನ್ನೂ ಸುತ್ತಿ. ಎರಡನ್ನೂ ಗಾಳಿಯಾಡುವ ಕಿಟಕಿಯ ಬಳಿ ಇಟ್ಟು, ಅರ್ಧ ಗಂಟೆಯ ನಂತರ ಥರ್ಮಾಮೀಟರ್ ಅದ್ದಿ ನೋಡಿ.

ಹೆಣಿಗೆಯಲ್ಲಿ ತೂತು ಹೇಗೆ ಬರುತ್ತದೆ ಎನ್ನುವುದು ಒಳ್ಳೆಯ ಲೆಕ್ಕದ ಪಾಠ. ಕಡ್ಡಿಗೆ ನೂಲನ್ನು ಒಂದು ಸುತ್ತು ಹೆಚ್ಚಾಗಿ ಹಾಕಿದರೆ ಅಲ್ಲೊಂದು ತೂತು, ಜೊತೆಗೆ ಒಂದು ಹೊಸ ಕುಣಿಕೆ. ಹಾಗೆಯೇ ಬಿಟ್ಟರೆ ಹೊದಿಕೆ ಅಗಲವಾಗುತ್ತಾ ಹೋಗುತ್ತದೆ. ಆದ್ದರಿಂದ ಪಕ್ಕದಲ್ಲೇ ಎರಡು ಕುಣಿಕೆಗಳನ್ನು ಕೂಡಿಸಿ ಒಂದಾಗಿ ಹೆಣೆಯುತ್ತಾರೆ. ಒಂದು ಕೂಡಿಸಿ ಒಂದು ಕಳೆದಾಗ ಸಾಲಿನ ಲೆಕ್ಕ ಅಷ್ಟೇ ಉಳಿಯುತ್ತದೆ. ಎಲೆ, ಬಳ್ಳಿ, ಅಲೆಗಳ ಎಲ್ಲ ವಿನ್ಯಾಸಗಳ ಹಿಂದೆಯೂ ಇರುವುದು ಈ ಜಮಾ-ಖರ್ಚೇ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರೆ. ಹೆಣೆಯುವವರು ಹಾಸಿಗೆಯನ್ನೇ ಮೊದಲು ಅಳೆಯಬೇಕು. ಅಂಗೈಯಗಲದ ಒಂದು ಮಾದರಿ ತುಂಡು ಹೆಣೆದು, ತೊಳೆದು, ಒಣಗಿಸಿ, ಆಮೇಲೆ ಎಣಿಸಿ. 10 ಸೆಂಟಿಮೀಟರಿಗೆ 16 ಕುಣಿಕೆ ಬಂದರೆ 120 ಸೆಂಟಿಮೀಟರ್ ಅಗಲಕ್ಕೆ 192 ಬೇಕು. ವಿನ್ಯಾಸ 12 ಕುಣಿಕೆಗೊಮ್ಮೆ ಮರಳುವುದಾದರೆ ಸರಿಯಾಗಿ 16 ಆವರ್ತನೆ. ಅಂಚಿಗೆ ಬೇಕಾದ ಕುಣಿಕೆ ಬೇರೆ. ಈ ತುಂಡು ಹೆಣೆಯದೆ ಹೊರಟವರ ಹೊದಿಕೆ ಮಂಚದಿಂದ ನೆಲಕ್ಕಿಳಿಯುತ್ತದೆ, ಇಲ್ಲವೇ ಮೊಣಕಾಲಿಗೇ ನಿಲ್ಲುತ್ತದೆ.

ಕಡ್ಡಿಯಿಂದ ಇಳಿದಾಗ ಲೇಸ್ ಮುದ್ದೆಯಾದ ಬಲೆಯಂತೆ ಕಾಣುತ್ತದೆ. ಗಾಬರಿ ಬೇಡ. ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ, ಹಿಂಡದೆ ಟವೆಲ್ಲಿನಲ್ಲಿ ಒತ್ತಿ, ನೆರಳಿನಲ್ಲಿ ಎಳೆದು ಅಂಚಿಗೆ ಪಿನ್ ಚುಚ್ಚಿ ಒಣಗಿಸಬೇಕು. ಉಣ್ಣೆ ನಮ್ಮ ತಲೆಗೂದಲಿನಂತೆಯೇ ಕೆರಟಿನ್ ಎಂಬ ಪ್ರೋಟೀನು. ನೀರು ಸೇರಿದಾಗ ಅದರ ಅಣುಗಳ ನಡುವಿನ ಹೈಡ್ರೋಜನ್ ಬಂಧಗಳು ಸಡಿಲವಾಗಿ, ಒಣಗುವಾಗ ಹೊಸ ಜಾಗದಲ್ಲಿ ಕೂಡಿಕೊಳ್ಳುತ್ತವೆ. ಒದ್ದೆ ಜಡೆ ಒಣಗಿದ ಮೇಲೆ ಬಿಚ್ಚಿದರೆ ಕೂದಲು ಅಲೆಯಲೆಯಾಗಿ ನಿಲ್ಲುವುದಿಲ್ಲವೇ, ಹಾಗೆ. ಆದರೆ ಬಿಸಿನೀರಿನಲ್ಲಿ ಹಾಕಿ ಉಜ್ಜಿದರೆ ಎಳೆಯ ಮೇಲಿನ ಹುರುಪೆಗಳು ಒಂದಕ್ಕೊಂದು ಸಿಕ್ಕಿಹಾಕಿಕೊಂಡು ಹೊದಿಕೆ ಗಟ್ಟಿ ತುಂಡಾಗುತ್ತದೆ. ಆರು ತಿಂಗಳ ಶ್ರಮ ಒಂದೇ ಬಕೆಟ್ಟಿನಲ್ಲಿ ಮುಗಿಯುತ್ತದೆ, ಮತ್ತೆ ಬಿಡಿಸಲಾಗದು.

ಅಂಗಡಿಯಲ್ಲಿ 'ಉಲನ್' ಎಂದು ಕೊಡುವ ಉಂಡೆ ಬಹಳ ಸಲ ಅಕ್ರಿಲಿಕ್ ಆಗಿರುತ್ತದೆ, ಅಂದರೆ ಪೆಟ್ರೋಲಿಯಮ್ಮಿನಿಂದ ಬಂದ ನೂಲು. ಅಗ್ಗ, ತೊಳೆಯಲು ಸುಲಭ, ನುಸಿ ತಿನ್ನುವುದಿಲ್ಲ. ಆದರೆ ನೀರಿನಲ್ಲಿ ನೆನೆಸಿ ಎಳೆದ ಆಕಾರ ಅದರಲ್ಲಿ ಉಣ್ಣೆಯಂತೆ ನಿಲ್ಲುವುದಿಲ್ಲ. ಒಂದು ಎಳೆಯನ್ನು ಇಕ್ಕಳದಲ್ಲಿ ಹಿಡಿದು, ಕೆಳಗೆ ನೀರಿನ ತಟ್ಟೆಯಿಟ್ಟು, ದೊಡ್ಡವರು ಬೆಂಕಿ ತಾಗಿಸಿ ನೋಡಲಿ. ಉಣ್ಣೆ ಸುಟ್ಟ ಕೂದಲಿನ ವಾಸನೆ ಬೀರಿ ಪುಡಿಯಾಗುವ ಬೂದಿ ಬಿಡುತ್ತದೆ. ಅಕ್ರಿಲಿಕ್ ಕರಗಿ ಗಟ್ಟಿ ಮಣಿಯಾಗುತ್ತದೆ. ಒಲೆ, ಹೀಟರ್ ಹತ್ತಿರ ಹೊದ್ದು ಕೂರುವ ಅಜ್ಜ-ಅಜ್ಜಿಯರಿಗೆ ಈ ವ್ಯತ್ಯಾಸ ಸಣ್ಣದಲ್ಲ. ಕರಗಿದ ನೂಲು ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಇನ್ನು ಹಸುಳೆಗಳ ಬೆರಳು ಲೇಸಿನ ತೂತಿಗೆ ಸಿಕ್ಕಿಕೊಳ್ಳುವುದರಿಂದ ಅವರ ತೊಟ್ಟಿಲಿಗೆ ಲೇಸ್ ಬೇಡ.

ನಮ್ಮ ದಖ್ಖನಿ ಕುರಿಯ ಉಣ್ಣೆಯಿಂದಲೇ ಇದನ್ನು ಹೆಣೆಯಬಾರದೇ ಎಂದು ಕೇಳುವವರಿದ್ದಾರೆ. ಅದರ ಎಳೆ ಒರಟು. ಸ್ಕಾಟ್ಲೆಂಡಿನ ಶೆಟ್ಲೆಂಡ್ ದ್ವೀಪಗಳಲ್ಲಿ ಮದುವೆಯ ಉಂಗುರದೊಳಗೆ ತೂರಿಸಬಹುದಾದಷ್ಟು ತೆಳುವಾದ ಲೇಸ್ ಶಾಲು ಹೆಣೆಯುತ್ತಾರೆ. ಅದಕ್ಕೆ ಬೇಕಾದ ಮೃದು ಉಣ್ಣೆ ಬೇರೆ. ನಮ್ಮ ಉಣ್ಣೆಯ ಗುಣವೂ ಬೇರೆ. ಕುರುಬರು ಹುಣಸೆ ಬೀಜದ ಗಂಜಿ ಹಚ್ಚಿ ಹಾಸು ನೂಲನ್ನು ಗಟ್ಟಿ ಮಾಡಿ ನೇಯ್ದ ಕಂಬಳಿ ಹೊಲದ ಚಳಿಗೂ ಮಳೆಗೂ ಆಗುತ್ತದೆ. ಉಣ್ಣೆ ತನ್ನ ತೂಕದ ಸುಮಾರು ಶೇಕಡಾ 30ರಷ್ಟು ತೇವ ಹೀರಿದರೂ ಒದ್ದೆಯೆನಿಸುವುದಿಲ್ಲ, ಹೀರುವಾಗ ತುಸು ಶಾಖವನ್ನೂ ಬಿಡುತ್ತದೆ. ಬೀರಪ್ಪನ ಭಕ್ತರಿಗಂತೂ ಕಂಬಳಿ ಬರೀ ಹೊದಿಕೆಯಲ್ಲ, ಗದ್ದುಗೆ.

ಇಂದು ಈ ಉಣ್ಣೆಗೆ ಕೇಳುವವರು ಕಡಿಮೆ. ಮಾರಿ ಬಂದ ಹಣ ಕತ್ತರಿಸಿದ ಕೂಲಿಗೂ ಸಾಲದೆ, ದಖ್ಖನದಲ್ಲಿ ಎಷ್ಟೋ ಕುರಿಗಾರರು ಉಣ್ಣೆಯನ್ನು ಬಯಲಿನಲ್ಲೇ ಬಿಟ್ಟು ಮುಂದೆ ಸಾಗುತ್ತಾರೆ. ಉಣ್ಣೆಯಿಲ್ಲದ ಮಾಂಸದ ತಳಿಗಳತ್ತ ತಿರುಗಿದವರೂ ಉಂಟು. ಕೊಳ್ಳುವವರಿಲ್ಲದಿದ್ದರೆ ಮಗ್ಗ ನಿಲ್ಲುತ್ತದೆ, ಮಗ್ಗ ನಿಂತರೆ ಕೈಯ ಕಸುಬು ಮುಂದಿನ ತಲೆಮಾರಿಗೆ ದಾಟುವುದಿಲ್ಲ. ಮಂಚದ ಮೇಲಿನ ಲೇಸ್ ಎಷ್ಟೇ ಚೆಂದವಿರಲಿ, ಅದರಡಿ ಹಾಸಲು ಒಂದು ಕರಿ ಕಂಬಳಿ ಕೊಂಡರೆ ನೆಲದ ಥಂಡಿಯೂ ತಪ್ಪೀತು, ನೇಯ್ದವನ ಮನೆಯ ಒಲೆಯೂ ಹತ್ತೀತು.