ಕಾಫಿ ಅಂಗಡಿಯವನ ಮೌನ ಯಾರ ಲಾಭಕ್ಕೆ?

ಯಾದಗಿರಿ, ಶಹಾಪುರ, ಸುರಪುರಗಳಲ್ಲಿ ಸಣ್ಣ ಬಂಡವಾಳ ಹಾಕಿ ಕಾಫಿ ಅಂಗಡಿ ಇಟ್ಟವರನ್ನು ವ್ಯಾಪಾರ ಹೇಗಿದೆ ಎಂದು ಕೇಳಿ ನೋಡಿ. "ಮಾಲು ಚಲೋ ಇದ್ದರ ಗಿರಾಕಿ ತಾನೇ ಬರ್ತಾನ" ಎಂಬ ಉತ್ತರ ಸಿದ್ಧವಾಗಿರುತ್ತದೆ. ಪ್ರಚಾರವೆಂದರೆ ದೊಡ್ಡ ಕಂಪನಿಗಳ ಮೋಸದಾಟ, ಅದು ಬಡವನಿಗೆ ಹೇಳಿಸಿದ್ದಲ್ಲ ಎಂದು ನಮ್ಮ ಸಂಗಾತಿಗಳಲ್ಲೂ ಕೆಲವರು ತಲೆಯಾಡಿಸುತ್ತಾರೆ. ಮಾತು ಪ್ರಾಮಾಣಿಕರದ್ದೇ. ಆದರೆ ಅದು ತಪ್ಪು ಮಾತು. ಅದರ ಲಾಭ ಸೇರುವುದು ಬಡವನಿಗಲ್ಲ, ಬಂಡವಾಳಗಾರನಿಗೆ ಎಂದು ನಾವು ಸ್ಪಷ್ಟವಾಗಿ ಹೇಳಬಯಸುತ್ತೇವೆ.

ನಮ್ಮದು ಚಹಾದ ಸೀಮೆ. ಗಿರಣಿಯ ಪಾಳಿಗೆ ಹೋಗುವ ಮೊದಲು ಒಂದು ಚಹಾ, ಪಾಳಿ ಬಿಟ್ಟ ಮೇಲೆ ಇನ್ನೊಂದು. ಇದನ್ನು ಕಂಡ ಕಾಫಿ ಅಂಗಡಿಕಾರ "ನಮ್ಮ ಮಂದಿಗೆ ಕಾಫಿ ರುಚಿಸೂದಿಲ್ಲ" ಎಂದು ಕೈಚೆಲ್ಲುತ್ತಾನೆ. ಹಾಗಾದರೆ ಚಹಾ ನಮ್ಮ ಎರೆಭೂಮಿಯ ಬೆಳೆಯೇ? ನಮ್ಮ ಮುತ್ತಜ್ಜಂದಿರು ಕುಡಿದದ್ದು ಅಂಬಲಿ ಮತ್ತು ಮಜ್ಜಿಗೆ. 1903ರಲ್ಲಿ ಬ್ರಿಟಿಷ್ ಸರಕಾರ ಕಾನೂನು ಮಾಡಿ ರಫ್ತಾಗುವ ಚಹಾದ ಮೇಲೆ ಸೆಸ್ ವಿಧಿಸಿತು. ಆ ಹಣದ ಬಲದಿಂದ ರೈಲು ನಿಲ್ದಾಣಗಳಲ್ಲಿ ಫಲಕಗಳು ಎದ್ದವು. ಚಹಾ ಕಾಸುವ ಬಗೆಯನ್ನು ದೇಶಭಾಷೆಗಳಲ್ಲಿ ಬರೆದು ತೂಗುಹಾಕಿದರು. ಪುಕ್ಕಟೆ ಕಪ್ಪುಗಳನ್ನು ಹಂಚಿದರು. ತೋಟದ ಮಾಲೀಕರು ಒಂದು ದೇಶದ ನಾಲಿಗೆಯನ್ನೇ ಬದಲಿಸಿದರು. ರುಚಿ ಹುಟ್ಟಿನಿಂದ ಬಂದದ್ದಲ್ಲ, ಪ್ರಚಾರದಿಂದ ಬಂದದ್ದು.

ಕಾಫಿಯ ಕತೆಯೂ ಇದೇ. 1930ರ ದಶಕದ ಮುಗ್ಗಟ್ಟಿನಲ್ಲಿ ತೋಟಗಾರರ ಮಾಲಿಗೆ ಬೆಲೆ ಬಿದ್ದಾಗ 1935ರಲ್ಲಿ ಕಾಫಿ ಸೆಸ್ ಕಾನೂನು ಬಂತು. ಮರುವರ್ಷ ಮುಂಬಯಿಯಲ್ಲಿ ಮೊದಲ ಇಂಡಿಯಾ ಕಾಫಿ ಹೌಸ್ ತೆರೆಯಿತು. ಜನರಿಗೆ ಕಾಫಿಯ ಚಟ ಹಿಡಿಸಲೆಂದೇ ಅದನ್ನು ಕಟ್ಟಿದ್ದು. ಮುಂದೆ ಕಾಫಿ ಮಂಡಳಿ ಇಂಥ ಮನೆಗಳನ್ನು ಊರೂರಲ್ಲಿ ನಡೆಸಿತು. 1950ರ ದಶಕದಲ್ಲಿ ಅದೇ ಮಂಡಳಿ ಅವನ್ನು ಮುಚ್ಚಲು ಹೊರಟಿತು. ದುಡಿದವರನ್ನು ಬೀದಿಗೆ ತಳ್ಳಿತು. ಆಗ ಏನಾಯಿತು? ಎ.ಕೆ. ಗೋಪಾಲನ್ ಅವರ ಮುಂದಾಳುತನದಲ್ಲಿ ನೌಕರರು ಒಂದಾಗಿ, 1957ರ ಆಗಸ್ಟಿನಲ್ಲಿ ಬೆಂಗಳೂರಿನಲ್ಲಿ ತಮ್ಮದೇ ಸಹಕಾರ ಸಂಘ ಕಟ್ಟಿದರು. ಮಾಲೀಕರ ಪ್ರಚಾರಕ್ಕೆಂದು ಹುಟ್ಟಿದ ಹೆಸರು ದುಡಿಯುವವರ ಆಸ್ತಿಯಾಯಿತು. ಬೆಂಗಳೂರಿನ ಎಂ.ಜಿ. ರಸ್ತೆಯ ಕಾಫಿ ಹೌಸ್ 2009ರಲ್ಲಿ ಹಳೆಯ ಕಟ್ಟಡ ಬಿಡಬೇಕಾಗಿ ಬಂದಾಗ ಚರ್ಚ್ ಸ್ಟ್ರೀಟಿನಲ್ಲಿ ಬಾಗಿಲು ತೆರೆಯಿತು. ಗಿರಾಕಿಗಳು ಹಿಂದೆಯೇ ನಡೆದರು. ಹೆಸರು ಗಳಿಸಿದ ಅಂಗಡಿಗೆ ಗೋಡೆ ಹೋದರೂ ಗಿರಾಕಿ ಹೋಗುವುದಿಲ್ಲ.

ಆದುದರಿಂದ ಪ್ರಚಾರ ಬೇಕೇ ಬೇಡವೇ ಎಂಬುದು ಪ್ರಶ್ನೆಯಲ್ಲ. ಯಾರ ಕೈಯಲ್ಲಿರಬೇಕು, ಎಂಥದಿರಬೇಕು ಎಂಬುದೇ ಪ್ರಶ್ನೆ.

ಇಲ್ಲಿ ಎರಡನೆಯ ಬಗೆಯ ಉಪದೇಶಕರು ಬರುತ್ತಾರೆ. ಗಾಜಿನ ಗೋಡೆ ಕಟ್ಟು, ದರ ಇಳಿಸು, ಒಂದಕ್ಕೊಂದು ಪುಕ್ಕಟೆ ಕೊಡು ಎನ್ನುತ್ತಾರೆ. ಇದು ಸಣ್ಣವನಿಗೆ ಹಗ್ಗ ಕೊಟ್ಟು ಮರ ತೋರಿಸುವ ಮಾತು. 2012ರಲ್ಲಿ ಟಾಟಾದೊಂದಿಗೆ ಕೂಡಿ ಭಾರತಕ್ಕೆ ಬಂದ ಸ್ಟಾರ್‌ಬಕ್ಸ್ 2023–24ರಲ್ಲೂ ನಷ್ಟದಲ್ಲೇ ಇತ್ತು; ಆದರೂ ಹೊಸ ಅಂಗಡಿಗಳನ್ನು ತೆರೆಯುತ್ತಲೇ ಹೋಯಿತು. ನಷ್ಟ ತಾಳುವ ತಿಜೋರಿ ಅದಕ್ಕಿದೆ. ಶಹಾಪುರದ ಬಸ್ ನಿಲ್ದಾಣದ ಬಳಿ ಒಂದು ಒಲೆ, ಎರಡು ಬೆಂಚು ಇಟ್ಟವನಿಗೆ ಏನಿದೆ? ಬ್ರೆಜಿಲ್, ವಿಯೆಟ್ನಾಂಗಳ ಬರದಿಂದ 2024ರಲ್ಲಿ ಕಾಫಿ ಬೀಜದ ದರ ಏರಿತು. 2025ರ ಏಪ್ರಿಲ್ ಒಂದರಿಂದ ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಹೆಚ್ಚಾಯಿತು. ಇಂಥಲ್ಲಿ ದರ ಇಳಿಸುವವನು ಗಿರಾಕಿಯನ್ನಲ್ಲ, ಸಾಲವನ್ನು ಕರೆಯುತ್ತಾನೆ.

ಸಣ್ಣವನ ಪ್ರಚಾರ ಸತ್ಯ ಹೇಳುವ ಪ್ರಚಾರ. ಕಾಫಿ ಪುಡಿಯಲ್ಲಿ ಚಿಕೋರಿ ಬೆರೆಸಿದ್ದರೆ ಕಾಫಿಯ ಪಾಲು ನೂರಕ್ಕೆ 51ಕ್ಕಿಂತ ಕಡಿಮೆ ಇರಕೂಡದು, ಬೆರಕೆಯ ಪ್ರಮಾಣವನ್ನು ಪೊಟ್ಟಣದ ಮೇಲೆ ನಮೂದಿಸಬೇಕು ಎಂದು ಕಾನೂನಿದೆ. ಅಂಗಡಿಕಾರನು ಅದನ್ನೇ ತನ್ನ ಹಲಗೆಯ ಮೇಲೆ ದಪ್ಪಕ್ಷರದಲ್ಲಿ ಬರೆಯಲಿ: ಕಾಫಿ ಇಷ್ಟು, ಚಿಕೋರಿ ಇಷ್ಟು, ಕಪ್ಪಿನ ದರ ಇಷ್ಟು. ಮುಚ್ಚಿಡುವವರ ನಡುವೆ ಬಿಚ್ಚಿಟ್ಟವನೇ ಎದ್ದು ಕಾಣುತ್ತಾನೆ. ಇಂದಿನ ರುಚಿ ನಾಳೆಯೂ ಇರಬೇಕಾದರೆ ಕೈಯಂದಾಜು ಸಾಲದು, ಅಳತೆ ಬೇಕು. ಹೊತ್ತೂ ತಪ್ಪಕೂಡದು. ಯಾದಗಿರಿಯಲ್ಲಿ ರೈಲಿನಿಂದ ಇಳಿದವರು ಶಹಾಪುರ, ಸುರಪುರಗಳಿಗೆ ಬಸ್ಸು ಕಾಯುತ್ತಾರೆ. ಜೇವರ್ಗಿ–ಲಿಂಗಸುಗೂರು ಹೆದ್ದಾರಿಯ ಲಾರಿಗಳು ಆ ಎರಡೂ ಊರುಗಳನ್ನು ಹಾದು ಹೋಗುತ್ತವೆ. ಹತ್ತಿ, ಬೇಳೆ, ಅಕ್ಕಿ ಗಿರಣಿಗಳ ಪಾಳಿ ಬದಲಾಗುತ್ತದೆ. ಆ ಗಳಿಗೆಯಲ್ಲಿ ಒಲೆ ಆರಿದ್ದರೆ ಯಾವ ಫಲಕವೂ ಕೆಲಸಕ್ಕೆ ಬಾರದು. ಫೋನಿನ ನಕಾಶೆಯಲ್ಲಿ ಅಂಗಡಿಯ ಹೆಸರು, ಹೊತ್ತು ಸೇರಿಸಲು ಒಂದು ಕಾಸೂ ಬೇಡ. ಅದನ್ನೂ ಮಾಡದೆ ಕೂತರೆ ಅದು ಸೋಮಾರಿತನವೇ ಹೊರತು ಸ್ವಾಭಿಮಾನವಲ್ಲ.

ಒಬ್ಬೊಬ್ಬನೇ ಕೂಗಿದರೆ ಸಂತೆಯ ಗದ್ದಲದಲ್ಲಿ ದನಿ ಅಡಗುತ್ತದೆ. ಚಹಾದವರಿಗೂ ತೋಟಗಾರರಿಗೂ ಸೆಸ್ಸಿನ ಹಣವಿತ್ತು, ಬೆನ್ನಿಗೆ ಸರಕಾರವಿತ್ತು. ನಮಗಿರುವುದು ಒಗ್ಗಟ್ಟು ಮಾತ್ರ. ಭಾರತದ ಕಾಫಿಯಲ್ಲಿ ಸುಮಾರು ನೂರಕ್ಕೆ 70 ಪಾಲು ಬೆಳೆಯುವುದು ಇದೇ ಕರ್ನಾಟಕದಲ್ಲಿ, ಚಿಕ್ಕಮಗಳೂರು, ಕೊಡಗು, ಹಾಸನಗಳಲ್ಲಿ. ಆದರೂ ನಮ್ಮ ಅಂಗಡಿಕಾರ ಕಿಲೋ ಲೆಕ್ಕದಲ್ಲಿ, ದಲ್ಲಾಳಿ ಹೇಳಿದ ದರಕ್ಕೆ ಪುಡಿ ಕೊಳ್ಳುತ್ತಾನೆ. ಮೂರೂ ಊರಿನವರು ಕೂಡಿ ಮೂಟೆಗಟ್ಟಲೆ ಬೀಜ ತರಿಸಲಿ, ಒಂದೇ ಕಡೆ ಹುರಿಸಲಿ, ಎಲ್ಲ ಅಂಗಡಿಗಳ ಮೇಲೂ ಒಂದೇ ಗುರುತು ಹಾಕಲಿ. ಯಾದಗಿರಿಯಲ್ಲಿ ಕುಡಿದು ಮೆಚ್ಚಿದವನು ಸುರಪುರದಲ್ಲೂ ಆ ಗುರುತು ಹುಡುಕಿಕೊಂಡು ಬರುತ್ತಾನೆ.

ಗಿರಣಿಯ ಗೆಳೆಯರಿಗೂ ಒಂದು ಮಾತು. ಬಟವಾಡೆ ತಡವಾದ ವಾರ ನಿಮ್ಮ ಹೆಸರನ್ನು ಉದ್ರಿ ಪುಸ್ತಕದಲ್ಲಿ ಬರೆದುಕೊಳ್ಳುವವನು ಈ ಸಣ್ಣ ಅಂಗಡಿಯವನು. ಸಂಘದ ಸಭೆಯ ಚೀಟಿ ಅಂಟುವುದು ಇವನ ಗೋಡೆಗೆ. ಕಂಪನಿಯ ಅಂಗಡಿಯಲ್ಲಿ ಉದ್ರಿಯೂ ಇಲ್ಲ, ಆ ಗೋಡೆಯೂ ಇಲ್ಲ. ಇವನು ಬಾಗಿಲು ಹಾಕಿದ ದಿನ ನೀವು ಕೂತು ಮಾತನಾಡುವ ಜಾಗವೂ ಹೋಗುತ್ತದೆ. ಅವನ ಕಾಫಿ ಚಲೋ ಇದ್ದರೆ ನಾಲ್ಕು ಮಂದಿಗೆ ಹೇಳಿ. ಕೆಟ್ಟಿದ್ದರೆ ಅವನಿಗೇ ಹೇಳಿ.

ಅಂಗಡಿಕಾರ ಬಂಧುಗಳೇ, ನೀವು ಸುಮ್ಮನಿದ್ದಷ್ಟೂ ಇನ್ನೊಬ್ಬರ ದನಿ ಜೋರಾಗುತ್ತದೆ. ಮೊದಲು ಹಲಗೆ ಬರೆಯಿರಿ. ಆಮೇಲೆ ಪಕ್ಕದ ಅಂಗಡಿಯವನನ್ನು ಕರೆಯಿರಿ.