ಓಟಿಗಿಂತ ಮೊದಲು ಯಾದಿ: ನಮ್ಮೂರ ಮತದಾರರ ಯಾದಿಯನ್ನು ನಮ್ಮೆದುರಿಗೇ ಓದಿರಿ



2024ರ ಮೇ 7, ಲೋಕಸಭೆ ಚುನಾವಣೆಯ ದಿನ. ನೆತ್ತಿ ಸುಡುವ ಬಿಸಿಲು. ಮತಗಟ್ಟೆಯೊಂದರಿಂದ ಅಜ್ಜಿಯೊಬ್ಬರು ಹೊರಗೆ ಬಂದರು. ಸೆರಗಿನ ತುದಿಗೆ ಗಂಟು ಹಾಕಿ ತಂದಿದ್ದ ಓಟಿನ ಕಾರ್ಡು ಕೈಯಲ್ಲಿತ್ತು, ಬೆರಳಿಗೆ ಶಾಯಿ ಇರಲಿಲ್ಲ. “ಯಾದ್ಯಾಗ ಹೆಸರ ಇಲ್ಲಂತಪಾ. ನಾ ಇನ್ನೂ ಬದುಕೇನಿ ಅಂತ ಯಾರಿಗೆ ಹೇಳ್ಲಿ?” ಎಂದರು. ಅಲ್ಲಿದ್ದ ನಾವ್ಯಾರೂ ಉತ್ತರ ಕೊಡಲಿಲ್ಲ. ನಾಮಪತ್ರ ಸಲ್ಲಿಸುವ ಕೊನೆಯ ದಿನ ದಾಟಿದ ಮೇಲೆ ಯಾದಿಗೆ ಹೆಸರು ಸೇರಿಸುವಂತಿಲ್ಲ.

ಮರುವರ್ಷ ಇದೇ ಯಾದಿಯ ಜಗಳ ಬೆಂಗಳೂರಿನಲ್ಲಿ ಬೀದಿಗೆ ಬಂತು. 2025ರ ಆಗಸ್ಟ್ 7ರಂದು ರಾಹುಲ್ ಗಾಂಧಿ, ಬೆಂಗಳೂರು ಕೇಂದ್ರ ಕ್ಷೇತ್ರದ ಮಹದೇವಪುರದಲ್ಲಿ 1,00,250 ಮತಗಳು ಕಳವಾಗಿವೆ ಎಂದು ಆರೋಪಿಸಿದರು. ಮರುದಿನ ಫ್ರೀಡಂ ಪಾರ್ಕಿನಲ್ಲಿ ಪ್ರತಿಭಟನೆ ನಡೆಯಿತು. ಬಿಜೆಪಿ ಆರೋಪವನ್ನು ತಳ್ಳಿಹಾಕಿತು. ಪ್ರಮಾಣ ಮಾಡಿ, ಸಹಿ ಹಾಕಿ ದೂರು ಕೊಡಿರೆಂದು ಚುನಾವಣಾ ಆಯೋಗ ಕೇಳಿತು. ಯಾದಿ ತಯಾರಾದಾಗ ರಾಜ್ಯದಲ್ಲಿ ನಮ್ಮದೇ ಸರ್ಕಾರವಿತ್ತು, ಆಗ ಕಣ್ಣು ಮುಚ್ಚಿ ಕೂತಿದ್ದೆವೇಕೆ ಎಂಬ ಅರ್ಥದಲ್ಲಿ ಮಾತನಾಡಿದ ಕಾಂಗ್ರೆಸ್ ಸಚಿವ ಕೆ.ಎನ್. ರಾಜಣ್ಣ, ಅದರ ಬೆನ್ನಲ್ಲೇ ಆಗಸ್ಟ್ 11ರಂದು ಸಂಪುಟದಿಂದ ಹೊರಬಿದ್ದರು.

ಯಾವ ಪಕ್ಷ ಸರಿ, ಯಾವುದು ತಪ್ಪು ಎಂದು ಹೇಳಲು ಈ ಕರಪತ್ರ ಹಂಚುತ್ತಿಲ್ಲ. ಆದರೆ ರಾಜಣ್ಣ ಎತ್ತಿದ ಪ್ರಶ್ನೆ ನಮ್ಮ ಮನೆ ಬಾಗಿಲಿಗೂ ಬಂದಿದೆ: ಕರಡು ಯಾದಿ ಬಂದಾಗ ನಾವೆಲ್ಲಿದ್ದೆವು?

ಕಲಬುರಗಿ ಜಿಲ್ಲೆಯ ಆಳಂದವನ್ನು ನೋಡಿರಿ. 2023ರ ವಿಧಾನಸಭಾ ಚುನಾವಣೆಗೆ ಮೊದಲು ಅಲ್ಲಿ ಹೆಸರು ತೆಗೆಯಬೇಕೆಂದು 6,018 ಅರ್ಜಿಗಳು ಆನ್‌ಲೈನಿನಲ್ಲಿ ಬಂದಿದ್ದವು. ಪರಿಶೀಲಿಸಿದಾಗ ಖರೆ ಇದ್ದವು ಬರೀ 24. ಉಳಿದ 5,994 ಅರ್ಜಿಗಳು ತಿರಸ್ಕೃತವಾದವು, ಪೊಲೀಸ್ ಕೇಸಾಯಿತು, 2025ರಲ್ಲಿ ವಿಶೇಷ ತನಿಖಾ ತಂಡದ (ಎಸ್‌ಐಟಿ) ತನಿಖೆಯೂ ಶುರುವಾಯಿತು. ಮತದಾನಕ್ಕೆ ಮೊದಲೇ ಗೊತ್ತಾದದ್ದಕ್ಕೆ ಆ ಹೆಸರುಗಳು ಉಳಿದವು. ಮಹದೇವಪುರದ ಜಗಳ ಎದ್ದದ್ದು ಎಣಿಕೆ ಮುಗಿದು ವರ್ಷ ದಾಟಿದ ಮೇಲೆ.

ಆಪತ್ತು ನಮಗೂ ದೂರವಿಲ್ಲ. ಗೋವಾಕ್ಕೆ, ಮಂಗಳೂರಿಗೆ ದುಡಿಯಲು ಹೋದವರ ಮನೆಗೆ ಬೀಗ ಬಿದ್ದಿರುತ್ತದೆ. “ಊರು ಬಿಟ್ಟಾರ” ಎಂದು ಯಾರೋ ಹೆಸರು ತೆಗೆಸುವ ನಮೂನೆ-7 ತುಂಬಿಕೊಟ್ಟರೆ ನೋಟಿಸು ಬೀಗಕ್ಕೆ ಬರುತ್ತದೆ. ಅವರ ಮಾತು ಕೇಳದೆ ಹೆಸರು ತೆಗೆಯಬಾರದೆಂದು 1950ರ ಪ್ರಜಾಪ್ರತಿನಿಧಿ ಕಾಯ್ದೆ ಹೇಳುತ್ತದೆ. ಸುಳ್ಳು ಬರೆದುಕೊಟ್ಟವರಿಗೆ ಒಂದು ವರ್ಷದವರೆಗೆ ಜೈಲೂ ಆಗಬಹುದು. ಆದರೆ ಸುಳ್ಳೆಂದು ಹೇಳಬೇಕಾದವರು ಊರವರೇ.

ಹಾಗೆ ಹೇಳಬೇಕಾದರೆ ತೆಗೆದ ಹೆಸರುಗಳು ಊರಿಗೆ ಕಾಣಬೇಕು. ಬಿಹಾರದ ಕರಡು ಯಾದಿಯಿಂದ ಸುಮಾರು 65 ಲಕ್ಷ ಹೆಸರು ಬಿಟ್ಟುಹೋದಾಗ, ಆ ಹೆಸರುಗಳನ್ನು ಬೂತುವಾರು, ಕಾರಣ ಸಮೇತ ಪ್ರಕಟಿಸಬೇಕೆಂದು ಸುಪ್ರೀಂ ಕೋರ್ಟ್ 2025ರ ಆಗಸ್ಟ್ 14ರಂದು ಆದೇಶಿಸಿತು. ಪಂಚಾಯ್ತಿ ಕಚೇರಿಯಲ್ಲಿಯೂ ಹಚ್ಚಬೇಕೆಂದಿತು. ಅಲ್ಲಿನವರಿಗೆ ಸಿಕ್ಕದ್ದು ನಮಗೂ ಸಿಗಲಿ.

ನಮ್ಮದೇ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಸಹಕಾರ ಸಂಘ ಕಟ್ಟಿ ದೇಶಕ್ಕೇ ದಾರಿ ತೋರಿಸಿದರು. ಇವತ್ತಿಗೂ ಸೊಸೈಟಿಯ ಜಮಾ-ಖರ್ಚನ್ನು ವರ್ಷಕ್ಕೊಮ್ಮೆ ಸದಸ್ಯರ ಮುಂದೆ ಓದುತ್ತಾರೆ. ಷೇರಿನ ಲೆಕ್ಕವನ್ನು ಎದ್ದುನಿಂತು ಕೇಳುವ ನಾವು ಓಟಿನ ಲೆಕ್ಕ ಕೇಳಬಾರದೇ?

ನಮ್ಮ ಬೇಡಿಕೆಗಳು:

1. ಕರಡು ಯಾದಿ ಬಂದಾಗಲೆಲ್ಲ ಗ್ರಾಮಸಭೆಯಲ್ಲಿ ಒಂದೊಂದೇ ಹೆಸರು ಗಟ್ಟಿಯಾಗಿ ಓದಬೇಕು.
2. ತೆಗೆದ ಹೆಸರುಗಳನ್ನು ಕಾರಣ ಸಮೇತ ಪಂಚಾಯ್ತಿ ಗೋಡೆಗೆ ಹಚ್ಚಬೇಕು.
3. ನಮೂನೆ-7 ಕೊಟ್ಟವರು ಯಾರೆಂದು ಊರಿಗೆ ತಿಳಿಯಬೇಕು.
4. ಪ್ರತಿ ಬೂತಿನಲ್ಲಿ ಎಲ್ಲ ಪಕ್ಷದವರೂ ಬೂತ್ ಮಟ್ಟದ ಅಧಿಕಾರಿಯ (ಬಿಎಲ್‌ಒ) ಜೊತೆ ಕೂತು ಯಾದಿ ತಾಳೆ ನೋಡಬೇಕು.

ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಬಂಧುಗಳೇ, ಪ್ರತಿಭಟನೆ ನಮ್ಮ ಹಕ್ಕು, ಅದನ್ನು ಬಿಡಬೇಕಿಲ್ಲ. ಆದರೆ ಎಣಿಕೆ ಮುಗಿದ ಮೇಲೆ ಎಷ್ಟು ಕೂಗಿದರೂ ಆ ಅಜ್ಜಿಯ ಬೆರಳಿಗೆ ಶಾಯಿ ಬೀಳುವುದಿಲ್ಲ.

ಮುಂದಿನ ಗ್ರಾಮಸಭೆಗೆ ಬರ್ರಿ. ಬರುವಾಗ ನಿಮ್ಮ ಓಟಿನ ಕಾರ್ಡು ತರ್ರಿ. ದುಡಿಯಾಕ ಹೋದ ಮಗ್ಗಲ ಮನಿಯವರ ಹೆಸರೂ ಬರಕೊಂಡು ಬರ್ರಿ.

— ಅಂತೂರ-ಬೆಂತೂರಿನ ಮತದಾರರು

(ಓದಿ, ಇನ್ನೊಬ್ಬರಿಗೆ ಕೊಡಿರಿ)