ಹೊರಗೆ ಥಳುಕು, ಒಳಗೆ ಹುಳುಕು: ಕಂಪ್ಯೂಟರ್ ಕೊಳ್ಳುವವರ ಪಾಡು

ತುಮಕೂರು ಮಂಡಿಪೇಟೆಯ ಒಂದು ದಿನಸಿ ಅಂಗಡಿ. ತಿಂಗಳ 20ನೇ ತಾರೀಖು. ಪ್ರತಿ ತಿಂಗಳು ಜಿಎಸ್‌ಟಿ ಕಟ್ಟುವವರಿಗೆ 3ಬಿ ರಿಟರ್ನ್ ಸಲ್ಲಿಸಲು ಅದೇ ಕೊನೆಯ ದಿನ. ಸಂಜೆ ಐದಕ್ಕೆ ಕರೆಂಟು ಹೋಯಿತು, ಐದೂ ಹತ್ತಕ್ಕೆ ಬಂತು. ಕಂಪ್ಯೂಟರ್ ಮಾತ್ರ ಮೇಲೇಳಲಿಲ್ಲ. ಗಾಜಿನ ಡಬ್ಬದೊಳಗಿನ ಕೆಂಪು ನೀಲಿ ದೀಪಗಳೇನೋ ಗಣಪತಿ ಪೆಂಡಾಲಿನ ಹಾಗೆ ಜಗಮಗ ಉರಿಯುತ್ತಿದ್ದವು. ಲೆಕ್ಕವೆಲ್ಲ ಇದ್ದ ಹಾರ್ಡ್‌ಡಿಸ್ಕ್ ಮಾತ್ರ ಟಿಕ್ ಟಿಕ್ ಅಂತ ಎರಡು ಸಲ ನರಳಿ ಸುಮ್ಮನಾಯಿತು.

ಮಾರಿದ ಹುಡುಗನನ್ನು ಕರೆಸಿದ್ದಾಯಿತು. ಅವನು ಬಂದು ತಟ್ಟಿ ನೋಡಿ, "ಡಿಸ್ಕ್ ಹೋಗಿದೆ ಸಾರ್, ಬೆಂಗಳೂರಿಗೆ ಕಳಿಸಿದರೆ ಡೇಟಾ ತೆಗೀತಾರೆ, ಆದರೆ ಗ್ಯಾರಂಟಿ ಇಲ್ಲ" ಅಂದ. ತೆಗೆಯುವ ಕೂಲಿ ಎಷ್ಟೆಂದು ಕೇಳಿದ ಯಜಮಾನರು ಗಲ್ಲಾದ ಮೇಲೆ ಕೈಯಿಟ್ಟು ಕೂತರು. ಆ ದುಡ್ಡಿಗೆ ಇನ್ನೊಂದು ಕಂಪ್ಯೂಟರೇ ಬರುತ್ತಿತ್ತು.

ಸಲ್ಲಿಸಿದ ರಿಟರ್ನ್‌ಗಳೇನೋ ಸರ್ಕಾರದ ಪೋರ್ಟಲ್‌ನಲ್ಲಿ ಇರುತ್ತವೆ. ಆದರೆ ಯಾವ ಊರಿನ ಯಾವ ಗಿರಾಕಿ ಎಷ್ಟು ಉದ್ರಿ ಉಳಿಸಿಕೊಂಡಿದ್ದಾನೆ ಎಂಬುದು ಯಾವ ಪೋರ್ಟಲ್‌ನಲ್ಲಿದೆ? ಅದು ಆ ಡಬ್ಬದಲ್ಲಿತ್ತು, ಡಬ್ಬದ ಜೊತೆಗೇ ಹೋಯಿತು.

ಆರು ವರ್ಷದ ಲೆಕ್ಕ ಎಲ್ಲಿ?

ಇದನ್ನು ಒಬ್ಬ ವ್ಯಾಪಾರಿಯ ಗ್ರಹಚಾರ ಅಂದುಕೊಂಡು ಕೈತೊಳೆದುಕೊಳ್ಳುವ ಹಾಗಿಲ್ಲ. ಜಿಎಸ್‌ಟಿ ಕಾನೂನಿನ 36ನೇ ಕಲಮಿನ ಪ್ರಕಾರ ವಾರ್ಷಿಕ ರಿಟರ್ನ್ ಸಲ್ಲಿಸುವ ಗಡುವು ಮುಗಿದ ದಿನದಿಂದ 72 ತಿಂಗಳು ಲೆಕ್ಕಪತ್ರ ಕಾದಿಡಬೇಕು. ಅಂದರೆ ಪೂರಾ ಆರು ವರ್ಷ. "ಡಿಸ್ಕ್ ಸುಟ್ಟುಹೋಯಿತು ಸ್ವಾಮಿ" ಅಂದರೆ ಅಧಿಕಾರಿ ಅಯ್ಯೋ ಪಾಪ ಅನ್ನಬಹುದು, ನೋಟಿಸ್ ವಾಪಸ್ ತಗೊಳ್ಳುವುದಿಲ್ಲ. 2025ರ ಜುಲೈನಲ್ಲಿ ಯುಪಿಐ ವಹಿವಾಟಿನ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದ್ದು ಯಾರಿಗೆ ಮರೆತಿದೆ? ಬೇಕರಿಯವರು, ತರಕಾರಿಯವರು, ಕಾಂಡಿಮೆಂಟ್ಸ್‌ನವರು ಹಳೇ ವರ್ಷಗಳ ಲೆಕ್ಕ ಹುಡುಕಿ ಒದ್ದಾಡಿದರು. ಲೆಕ್ಕ ಇಟ್ಟವನು ಉತ್ತರ ಬರೆದ, ಇಲ್ಲದವನು ಆಡಿಟರ ಮನೆ ಬಾಗಿಲಲ್ಲಿ ನಿಂತ.

ಹಾಗಿರುವಾಗ ಲೆಕ್ಕ ಇಡುವ ಯಂತ್ರವನ್ನೇ ನಮ್ಮ ಜನ ಸೀರೆ ಅಂಚು ನೋಡಿ ಕೊಳ್ಳುವಂತೆ ಬಣ್ಣ ನೋಡಿ ಕೊಂಡರೆ ಹೇಗೆ?

ಮೂಗಿಗಿಂತ ಮೂಗುತಿ ಭಾರ

ಆ ದಿನಸಿ ಅಂಗಡಿಯ ಕಂಪ್ಯೂಟರಿನ ಪಟ್ಟಿ ನೋಡಬೇಕು. ದೀಪದ ಫ್ಯಾನುಗಳಿರುವ ಗಾಜಿನ ಕ್ಯಾಬಿನೆಟ್. ಆಟ ಆಡುವವರಿಗೆ ಬೇಕಾದ ಹಳೇ ಗ್ರಾಫಿಕ್ಸ್ ಕಾರ್ಡ್. "ಐ7 ಸಾರ್, ಟಾಪ್ ಮಾಡೆಲ್" ಎಂದು ಹೇಳಿ ಕೊಟ್ಟ ಪ್ರೊಸೆಸರ್. ಹೆಸರಿಲ್ಲದ ಎಸ್‌ಎಂಪಿಎಸ್. ಯಾವುದೋ ಹಳೇ ಯಂತ್ರದಿಂದ ಕಳಚಿದ 500 ಜಿಬಿ ಹಾರ್ಡ್‌ಡಿಸ್ಕ್. ಅಕ್ಕಿ ಬೇಳೆ ಬಿಲ್ ಹಾಕಲು ಗ್ರಾಫಿಕ್ಸ್ ಕಾರ್ಡ್ ಯಾಕೆ ಬೇಕಿತ್ತು ಅಂತ ಯಾರೂ ಕೇಳಲಿಲ್ಲ. ಹೇಳಬೇಕಾದವನು ಹೇಳಲೂ ಇಲ್ಲ.

ಐ7 ಅನ್ನುವುದು ಜಾತಿಯ ಹೆಸರು, ವಯಸ್ಸಲ್ಲ. ಆ ಪ್ರೊಸೆಸರ್ ಎರಡನೇ ತಲೆಮಾರಿನದು, 2011ರಲ್ಲಿ ಮಾರುಕಟ್ಟೆಗೆ ಬಂದದ್ದು. 2022ರಲ್ಲಿ ಬಂದ ಹನ್ನೆರಡನೇ ತಲೆಮಾರಿನ ಸಾದಾ ಐ3-12100 ಅದನ್ನು ಸುಲಭವಾಗಿ ಹಿಂದೆ ಹಾಕುತ್ತದೆ. ಇನ್ನೊಂದು ತೊಡಕೂ ಉಂಟು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನವರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಬೇಕು, ಇಂಟೆಲ್ ಆದರೆ ಸಾಮಾನ್ಯವಾಗಿ ಎಂಟನೇ ತಲೆಮಾರು ಅಥವಾ ಅದಕ್ಕಿಂತ ಈಚಿನದೇ ಆಗಬೇಕು. ಆದ್ದರಿಂದ ಸೆಕೆಂಡ್ ಹ್ಯಾಂಡ್ ಕೊಳ್ಳುವವರು "ಐ ಎಷ್ಟು?" ಅಂತ ಕೇಳುವ ಮೊದಲು "ಎಷ್ಟನೇ ಜನರೇಷನ್ನು?" ಅಂತ ಕೇಳಬೇಕು. ಬೆಂಗಳೂರಿನ ಆಫೀಸುಗಳು ಕೈಬಿಟ್ಟ ಡೆಲ್, ಎಚ್‌ಪಿ, ಲೆನೊವೊ ಯಂತ್ರಗಳಲ್ಲಿ ಎಂಟನೇ ತಲೆಮಾರಿನಿಂದ ಈಚಿನದು ಸಿಕ್ಕರೆ, ಒಳಗೆ ಹೊಸ ಎಸ್‌ಎಸ್‌ಡಿ ಹಾಕಿಸಿದರೆ, ಬಿಲ್ಲಿಂಗ್ ಕೆಲಸಕ್ಕೆ ಧಾರಾಳವಾಯಿತು. ಅದಕ್ಕಿಂತ ಹಳೆಯದು ಈಗಾಗಲೇ ಮನೆಯಲ್ಲಿದ್ದರೆ ಗುಜರಿಗೆ ಹಾಕಬೇಕಿಲ್ಲ, ಲಿನಕ್ಸ್ ಮಿಂಟ್ ಪುಕ್ಕಟೆ ಸಿಗುತ್ತದೆ. ಆದರೆ ಅಂಗಡಿಯ ಬಿಲ್ಲಿಂಗ್ ಸಾಫ್ಟ್‌ವೇರ್ ಅದರಲ್ಲಿ ನಡೆಯುತ್ತದೆಯೇ ಎಂದು ಮೊದಲು ಕೇಳಿಕೊಳ್ಳಬೇಕು.

ಹೊಸದು ಕೊಳ್ಳುವವರಿಗೆ ಒಂದು ಅಕ್ಷರದ ಗುಂಡಿ ಇದೆ. ಐ3-12100 ಬೇರೆ, ಐ3-12100ಎಫ್ ಬೇರೆ. ಕೊನೆಯ 'ಎಫ್' ಇದ್ದರೆ ಒಳಗೆ ಗ್ರಾಫಿಕ್ಸ್ ಇಲ್ಲ. ಪ್ರತ್ಯೇಕ ಕಾರ್ಡ್ ಹಾಕದೆ ಪರದೆಯ ಮೇಲೆ ಏನೂ ಮೂಡುವುದಿಲ್ಲ. ಎಎಂಡಿಯಲ್ಲಿ ರೈಜೆನ್ 5 5600ಜಿಗೆ ಗ್ರಾಫಿಕ್ಸ್ ಒಳಗೇ ಇದೆ, 5600ಕ್ಕೆ ಇಲ್ಲ. ಅಗ್ಗ ಸಿಕ್ಕಿತೆಂದು 'ಎಫ್' ತಂದವನು ಆಮೇಲೆ ಕಾರ್ಡಿಗೆ ದುಡ್ಡು ಸುರಿಯಬೇಕು.

ಎಲ್ಲಿ ಬಿಗಿ, ಎಲ್ಲಿ ಸಡಿಲ?

ಕೈಯಲ್ಲಿ ದುಡ್ಡು ಕಮ್ಮಿ ಇದ್ದಾಗ ಯಾವುದಕ್ಕೆ ಖರ್ಚು ಮಾಡಬೇಕು? ಮೊದಲನೆಯದು ಎಸ್‌ಎಸ್‌ಡಿ. ಹಳೇ ಹಾರ್ಡ್‌ಡಿಸ್ಕ್ ನಿಮಿಷಕ್ಕೆ 5400 ಇಲ್ಲವೇ 7200 ಸುತ್ತು ತಿರುಗುವ ತಟ್ಟೆ. ಸೆಕೆಂಡಿಗೆ ಸುಮಾರು 150 ಎಂಬಿ ಓದಿದರೆ ದೊಡ್ಡದು. ಸಾದಾ ಸಾಟಾ ಎಸ್‌ಎಸ್‌ಡಿ 500ರ ಮೇಲೆ ಓದುತ್ತದೆ. ಬೆಳಿಗ್ಗೆ ಅಂಗಡಿ ಬಾಗಿಲು ತೆಗೆದು ಕಾಫಿ ಕುಡಿದು ಬರುವವರೆಗೂ ಕಂಪ್ಯೂಟರ್ ಏಳುತ್ತಲೇ ಇರುತ್ತದಲ್ಲ, ಆ ಕಾಟ ಅಲ್ಲಿಗೆ ಮುಗಿಯಿತು. ಎನ್‌ವಿಎಂಇ ಇನ್ನೂ ವೇಗ, ಆದರೆ ಬಿಲ್ಲಿಂಗ್ ಮಾಡುವವನಿಗೆ ಆ ವ್ಯತ್ಯಾಸ ಕಣ್ಣಿಗೆ ಕಾಣುವುದು ಕಮ್ಮಿ.

ಎರಡನೆಯದು ಎಸ್‌ಎಂಪಿಎಸ್ ಮತ್ತು ಯುಪಿಎಸ್. ನಮ್ಮ ಕಡೆಯ ಕರೆಂಟು ಹೇಗೆ ಬರುತ್ತದೆ, ಹೇಗೆ ಹೋಗುತ್ತದೆ ಎಂದು ಹೇಳಬೇಕಿಲ್ಲ. ಎಲ್ಲ ಭಾಗಕ್ಕೂ ವಿದ್ಯುತ್ ಹಂಚುವುದು ಎಸ್‌ಎಂಪಿಎಸ್. ಅದೇ ಕಳಪೆಯಾದರೆ ಸಾಯುವಾಗ ಪಕ್ಕದವರನ್ನೂ ಕರೆದುಕೊಂಡು ಹೋಗುತ್ತದೆ. ಮೇಲೆ 450 ವ್ಯಾಟ್ ಅಂತ ಚೀಟಿ ಅಂಟಿಸಿದ ಮಾತ್ರಕ್ಕೆ 450 ಆಗುವುದಿಲ್ಲ. ಹೆಸರುವಾಸಿ ಕಂಪನಿಯದು, 80 ಪ್ಲಸ್ ಗುರುತು ಇರುವಂಥದು ತಗೊಳ್ಳಬೇಕು. ಜೊತೆಗೆ 600 ವಿಎ ಯುಪಿಎಸ್ ಇದ್ದರೆ ಲೆಕ್ಕ ಉಳಿಸಿ ಯಂತ್ರವನ್ನು ಸರಿಯಾಗಿ ಮಲಗಿಸುವಷ್ಟು ಹೊತ್ತು ಸಿಗುತ್ತದೆ. ಮಂಡಿಪೇಟೆಯ ಆ ಸಂಜೆ ಇಷ್ಟಿದ್ದರೆ ಸಾಕಿತ್ತೇನೋ.

ರ‍್ಯಾಮ್ ವಿಷಯದಲ್ಲಿ ಮಾತ್ರ ಎಲ್ಲರ ಕೈಯೂ ಸುಟ್ಟಿದೆ. ಕೃತಕ ಬುದ್ಧಿಮತ್ತೆಯ ದೊಡ್ಡ ದೊಡ್ಡ ಕೇಂದ್ರಗಳು ಮೆಮೊರಿ ಚಿಪ್ಪುಗಳನ್ನು ಬಾಚಿಕೊಂಡಿದ್ದರಿಂದ 2025ರ ಕೊನೆಯ ತಿಂಗಳುಗಳಲ್ಲಿ ಬೆಲೆ ಗಗನಕ್ಕೇರಿತು. ಮೈಕ್ರಾನ್ ಕಂಪನಿ 2025ರ ಡಿಸೆಂಬರ್‌ನಲ್ಲಿ ತನ್ನ ಕ್ರೂಶಿಯಲ್ ಹೆಸರಿನ ಚಿಲ್ಲರೆ ವ್ಯಾಪಾರವನ್ನೇ ಕೈಬಿಡುವುದಾಗಿ ಸಾರಿತು. ಅಲ್ಲೆಲ್ಲೋ ಯಂತ್ರ ಕವಿತೆ ಬರೆಯಲಿ ಅಂತ ಇಲ್ಲಿ ಬೇಳೆ ಅಂಗಡಿಯವನು ದಂಡ ಕಟ್ಟಬೇಕು! ಆದರೂ ಬಿಲ್ಲಿಂಗ್‌ಗೆ 8 ಜಿಬಿ ಸಾಕು. ಇನ್ನೊಂದು ಹಾಕಲು ಮದರ್‌ಬೋರ್ಡಿನಲ್ಲಿ ಸ್ಲಾಟ್ ಖಾಲಿ ಇದ್ದರೆ, ಬೆಲೆ ಇಳಿದಾಗ ನೋಡಿಕೊಳ್ಳಬಹುದು.

32 ಸೀಟಿಗೆ 2000 ಟಿಕೆಟ್

ದಿನವೂ ಬೆಂಗಳೂರಿಗೆ ಬಸ್ಸಿನಲ್ಲಿ ಓಡಾಡುವವರ ಕತೆ ಬೇರೆ. ಅಂಥ ಒಬ್ಬರು ಮೆಜೆಸ್ಟಿಕ್ಕಿನ ಫುಟ್‌ಪಾತಿನಲ್ಲಿ 2 ಟಿಬಿ ಪೆನ್‌ಡ್ರೈವ್ ತಂದರು, ಒಂದು ಊಟದ ದುಡ್ಡಿಗೆ. ಮನೆಗೆ ಬಂದು ಚುಚ್ಚಿದರೆ ಕಂಪ್ಯೂಟರೂ 2 ಟಿಬಿ ಅಂತಲೇ ತೋರಿಸಿತು. ಮಗಳ ಮದುವೆ ವಿಡಿಯೋ ಪೂರ್ತಿ ಅದಕ್ಕೆ ತುಂಬಿ, ಫೋನು ಖಾಲಿ ಮಾಡಿಕೊಂಡರು. ತಿಂಗಳು ಬಿಟ್ಟು ಬೀಗರ ಮನೆಯಲ್ಲಿ ಟಿವಿಗೆ ಹಾಕಿದರೆ ಹೆಸರುಗಳೆಲ್ಲ ಇವೆ, ಒಂದೂ ತೆರೆಯುತ್ತಿಲ್ಲ. ತಾಳಿ ಕಟ್ಟಿದ ಹೊತ್ತು ಹೋಯಿತು, ಸ್ವಾಮಿ. ಎಷ್ಟು ದುಡ್ಡು ಕೊಟ್ಟರೆ ವಾಪಸ್ ಬರುತ್ತದೆ?

ಒಳಗಿದ್ದದ್ದು 32 ಜಿಬಿ ಚಿಪ್ಪು. ಅದರ ಕಂಟ್ರೋಲರ್‌ಗೆ ಸುಳ್ಳು ಹೇಳಲು ಕಲಿಸಿದ್ದಾರೆ. 32 ಸೀಟಿನ ಬಸ್ಸಿಗೆ ಕಂಡಕ್ಟರು 2000 ಟಿಕೆಟ್ ಹರಿದ ಹಾಗೆ. ಟಿಕೆಟ್ ಎಲ್ಲರ ಕೈಯಲ್ಲೂ ಇದೆ, ಬಸ್ಸು ಹತ್ತಿದವರು 32 ಜನ. ಎಚ್2ಟೆಸ್ಟ್‌ಡಬ್ಲ್ಯೂ ಎಂಬ ಪುಕ್ಕಟೆ ಪ್ರೋಗ್ರಾಂ ಇದೆ, ಡ್ರೈವನ್ನು ತುಂಬಾ ತುಂಬಿಸಿ ಮತ್ತೆ ಓದಿ ನಿಜ ಹೇಳುತ್ತದೆ. ಹೊಸ ಡ್ರೈವಿಗೆ ಮೊದಲು ಆ ಪರೀಕ್ಷೆ, ಆಮೇಲೆ ಮದುವೆ.

ಮೋಸ ನಮ್ಮ ಫುಟ್‌ಪಾತಿನ ಸೊತ್ತು ಮಾತ್ರವಲ್ಲ. 2025ರ ಆರಂಭದಲ್ಲಿ ಜರ್ಮನಿಯಲ್ಲೇ, ಸಾವಿರಾರು ಗಂಟೆ ದುಡಿದ ಸೀಗೇಟ್ ಹಾರ್ಡ್‌ಡಿಸ್ಕ್‌ಗಳ ಒಳಲೆಕ್ಕ ಅಳಿಸಿ ಹೊಸದೆಂದು ಮಾರಿದ್ದು ಬಯಲಾಯಿತು.

ಹಾಗೆಂದು ಎಲ್ಲಕ್ಕೂ ಅಂಗಡಿಯವನನ್ನೇ ಬೈಯುವುದೂ ನ್ಯಾಯವಲ್ಲ. 1 ಟಿಬಿ ಡಿಸ್ಕ್ ಕಂಪ್ಯೂಟರಿನಲ್ಲಿ 931 ಜಿಬಿ ಅಂತ ತೋರಿಸುತ್ತದೆ. "ಎಪ್ಪತ್ತು ಜಿಬಿ ಹೊಡೆದ್ಯಾ?" ಅಂತ ಜಗಳಕ್ಕೆ ಹೋದವರಿದ್ದಾರೆ. ತಯಾರಕರದು ಸಾವಿರದ ಲೆಕ್ಕ, ವಿಂಡೋಸಿನದು 1024ರ ಲೆಕ್ಕ. ಸೇರು ಬೇರೆ, ಅಕ್ಕಿ ಅಷ್ಟೇ.

ಮನೆಯ ಉಗ್ರಾಣ

ಮನೆಯಲ್ಲಿ ಫೋಟೋ, ವಿಡಿಯೋ ಕೂಡಿಟ್ಟು ಟಿವಿಯಲ್ಲಿ ನೋಡಬೇಕೆನ್ನುವವರಿಗೂ ದೊಡ್ಡ ಯಂತ್ರ ಬೇಕಿಲ್ಲ. ಇಂಟೆಲ್ ಎನ್100 ಪ್ರೊಸೆಸರಿನ ಪುಟ್ಟ ಪೆಟ್ಟಿಗೆ ಸಾಕು. ಆ ಪ್ರೊಸೆಸರಿನ ವಿದ್ಯುತ್ ಮಿತಿ 6 ವ್ಯಾಟ್ ಮಾತ್ರ. ಹಗಲು ರಾತ್ರಿ ಉರಿದರೂ ಬೆಸ್ಕಾಂ ಬಿಲ್ ನೋಡಿ ಹೆದರಬೇಕಿಲ್ಲ. ಜೆಲ್ಲಿಫಿನ್ ಎಂಬ ಪುಕ್ಕಟೆ ಸಾಫ್ಟ್‌ವೇರ್ ಹಾಕಿದರೆ ಹಾಲಿನ ಟಿವಿ, ಅಡುಗೆಮನೆಯ ಫೋನು ಎರಡರಲ್ಲೂ ಬೇರೆ ಬೇರೆ ಚಿತ್ರ ನೋಡಬಹುದು. ಚಿತ್ರ ತಡೆತಡೆದು ಬಂದರೆ ತಕ್ಷಣ ಹೊಸ ಯಂತ್ರಕ್ಕೆ ಓಡಬೇಡಿ. ಮೊದಲು ವೈಫೈ ಬಿಟ್ಟು ಕೇಬಲ್ ಎಳೆದು ನೋಡಿ. ಹಳೇ ಟಿವಿಗೆ ಎಚ್.265 ಕಡತ ಅರ್ಥವಾಗದಿರುವುದೂ ಉಂಟು. ಇನ್ನು ಒಂದೇ ಟಿವಿ ಇರುವ ಮನೆಗೆ ಇಷ್ಟೂ ಬೇಡ. ಟಿವಿಯ ಹಿಂದೆ ಪೆನ್‌ಡ್ರೈವ್ ಚುಚ್ಚಿದರೆ ಆಯಿತು. ಎಫ್‌ಎಟಿ32 ಮಾದರಿಯಲ್ಲಿ 4 ಜಿಬಿಗಿಂತ ದೊಡ್ಡ ಕಡತ ಕೂರುವುದಿಲ್ಲ ಎಂಬುದಷ್ಟು ನೆನಪಿರಲಿ.

ನಿಜವಾದ ಮಾತು ಒಂದೇ. ಯಾವ ಡಿಸ್ಕ್ ಆದರೂ ಒಂದು ದಿನ ಸಾಯುತ್ತದೆ. ಎಸ್‌ಎಸ್‌ಡಿಯೂ ಅಮರವಲ್ಲ, ಅದನ್ನು ವರ್ಷಗಟ್ಟಲೆ ಕರೆಂಟಿಲ್ಲದೆ ಬೀರುವಿನಲ್ಲಿಟ್ಟರೆ ಒಳಗಿರುವುದು ಅಳಿಸಿಹೋಗುವ ಸಂಭವವಿದೆ. ಎರಡು ಡಿಸ್ಕ್ ಜೋಡಿಸಿ ರೈಡ್ ಮಾಡಿದ್ದೇನೆ ಅಂತ ಮೀಸೆ ತಿರುವುವವರಿದ್ದಾರೆ. ಒಂದರಲ್ಲಿ ಕೈತಪ್ಪಿ ಅಳಿಸಿದರೆ ಇನ್ನೊಂದರಲ್ಲೂ ಅಳಿಯುತ್ತದೆ, ಗೊತ್ತಿರಲಿ. ಬಲ್ಲವರ ಸೂತ್ರ ಮೂರು, ಎರಡು, ಒಂದು: ಒಟ್ಟು ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಜಾಗದಲ್ಲಿ. ಅಂಗಡಿಯದು ಮನೆಯಲ್ಲಿರಲಿ, ಮನೆಯದು ಅಕ್ಕನ ಮನೆಯಲ್ಲಿರಲಿ.

ಬಿಲ್ ಕೊಡಿ ಅನ್ನಲು ನಾಚಿಕೆ ಯಾಕೆ?

"ಬಿಲ್ ಬೇಡ ಅಂದ್ರೆ 18 ಪರ್ಸೆಂಟ್ ಉಳಿಯುತ್ತೆ" ಎಂಬುದು ಎಲ್ಲ ಕಡೆ ಕೇಳುವ ಮಂತ್ರ. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ನಮ್ಮ ಬಿ.ಎಚ್. ರಸ್ತೆವರೆಗೆ ಇದೇ ರಾಗ. ಮಾಮೂಲಿ ಜಿಎಸ್‌ಟಿ ನೋಂದಣಿ ಇರುವ ವ್ಯಾಪಾರಿ ಅಂಗಡಿ ಕೆಲಸಕ್ಕೆಂದು ಕೊಂಡ ಯಂತ್ರದ ತೆರಿಗೆಯನ್ನು ಇನ್‌ಪುಟ್ ಕ್ರೆಡಿಟ್ ಆಗಿ ಹಿಂದಕ್ಕೆ ಪಡೆಯಬಹುದು. ಕಾಂಪೊಸಿಷನ್‌ನವರಿಗೆ ಆ ಸೌಲಭ್ಯ ಇಲ್ಲ, ನಿಜ. ಆದರೆ ಬಿಲ್ ಇಲ್ಲದವನಿಗೆ ಕ್ರೆಡಿಟ್ಟೂ ಇಲ್ಲ, ವಾರಂಟಿ ಕೇಳುವ ಬಾಯಿಯೂ ಇಲ್ಲ. ಬಿಲ್ ಇದ್ದವನು 1915ಕ್ಕೆ ಫೋನ್ ಮಾಡಬಹುದು, ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಬಹುದು. 5 ಲಕ್ಷದವರೆಗಿನ ಖರೀದಿಯ ದೂರಿಗೆ ಅಲ್ಲಿ ಶುಲ್ಕವೂ ಇಲ್ಲ.

ಊರಿನ ಕಂಪ್ಯೂಟರ್ ವ್ಯಾಪಾರಿಗಳು ಒಂದು ಕೆಲಸ ಮಾಡಬಹುದು. "ಐ7, 500 ಜಿಬಿ, ಫುಲ್ ಸೆಟ್" ಎಂದು ಚೀಟಿ ಕೊಡುವ ಬದಲು ಪ್ರತಿ ಭಾಗದ ಮಾಡೆಲ್ ನಂಬರ್, ಹೊಸದೋ ಹಳೆಯದೋ, ವಾರಂಟಿ ಎಷ್ಟು ಎಂದು ಬರೆದುಕೊಡಲಿ. ಹೋಟೆಲಿನಲ್ಲಿ ಇಡ್ಲಿಗೆ ಎಷ್ಟು, ವಡೆಗೆ ಎಷ್ಟು ಅಂತ ಬೋರ್ಡು ಇರುವಾಗ ಸಾವಿರಾರು ರೂಪಾಯಿಯ ಯಂತ್ರಕ್ಕೆ ಯಾಕಿಲ್ಲ? ವರ್ತಕರ ಸಂಘದವರೂ ತಮ್ಮ ಸದಸ್ಯರಿಗಾಗಿ ಈ ಮಾತು ಎತ್ತಬೇಕು. ನಿಯತ್ತಿನಿಂದ ಮಾರುವವರಿಗೆ ಇದರಿಂದ ಲಾಭವೇ. ಕೊಳ್ಳುವವರೂ ಅಷ್ಟೇ, ನಾಲ್ಕು ಅಂಗಡಿ ಸುತ್ತಿ ಕೊನೆಗೆ ಯಾರು ನೂರು ರೂಪಾಯಿ ಕಮ್ಮಿ ಹೇಳಿದರೋ ಅವರಲ್ಲಿಗೇ ಹೋದರೆ, ಆ ನೂರನ್ನು ಮಾರುವವನು ಎಸ್‌ಎಂಪಿಎಸ್‌ನಲ್ಲಿ ವಸೂಲು ಮಾಡದೆ ಬಿಡುತ್ತಾನೆಯೇ?

ಮಂಡಿಪೇಟೆಯ ಆ ಅಂಗಡಿಯ ಅಟ್ಟದ ಮೇಲೆ ಯಜಮಾನರ ತಂದೆ ಬರೆದಿಟ್ಟ ಕೆಂಪು ಬಟ್ಟೆಯ ಖಾತೆ ಪುಸ್ತಕಗಳು ಇನ್ನೂ ಇವೆ. ಸತ್ತವರ ಬಾಕಿಯೂ ಅದರಲ್ಲಿ ಓದಲು ಸಿಗುತ್ತದೆ. ಮಗನ ಕಂಪ್ಯೂಟರಿನಲ್ಲಿ ಹೋದ ತಿಂಗಳ ಬಾಕಿಯೂ ಸಿಗಲಿಲ್ಲ. ಉದ್ರಿ ಗಿರಾಕಿಗಳನ್ನು ಒಬ್ಬೊಬ್ಬರಾಗಿ ಕರೆದು "ನಿಮ್ಮದು ಎಷ್ಟಿತ್ತಪ್ಪಾ?" ಅಂತ ಕೇಳುತ್ತಿದ್ದಾರೆ. ಕೆಲವರು ನಿಜ ಹೇಳುತ್ತಿದ್ದಾರಂತೆ. ಅದು ಈ ಊರಿನ ಪುಣ್ಯ. ಆದರೆ ಪುಣ್ಯವನ್ನು ನಂಬಿ ವ್ಯಾಪಾರ ಮಾಡಲಾಗದು, ಎರಡನೇ ಪ್ರತಿಯನ್ನು ನಂಬಿ ಮಾಡಬಹುದು.